ಹಳೇ ಫೋರ್‌ವ್ಹೀಲ್ ಡ್ರೈವ್ ಕೊಂಡವರು ಪೇಂಟಿನ ದುಡ್ಡನ್ನು ಮೊದಲು ರೇಡಿಯೇಟರ್‌ಗೆ ಹಾಕಲಿ

ಸಂಪಾದಕರಿಗೆ,

ಮಾನ್ಯರೇ,

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ಈಗ ಹತ್ತು-ಹದಿನೈದು ವರ್ಷ ಹಳೆಯ ಪ್ರಾಡೊ, ಪಜೇರೊ, ಡಿಸ್ಕವರಿ, ಎಂಎಲ್ ಬೆಂಜ್, ಔಡಿ ಕ್ಯೂ7 ಗಾಡಿಗಳ ವ್ಯಾಪಾರ ಜೋರಾಗಿದೆ. ಹೊಸದಿದ್ದಾಗ ಸಾಮಾನ್ಯರು ಕಣ್ಣೆತ್ತಿ ನೋಡಲೂ ಹಿಂಜರಿಯುತ್ತಿದ್ದ ಗಾಡಿ ಇವತ್ತು ಹೊಸ ಸಣ್ಣ ಕಾರಿನ ದುಡ್ಡಿಗೆ ಸಿಗುತ್ತದೆ. ಕೊಂಡವರು ಮೊದಲು ಮಾಡಿಸುವುದು ಪೇಂಟು, ಆಮೇಲೆ ಅಲಾಯ್ ವೀಲು, ಆಮೇಲೆ ಮ್ಯೂಸಿಕ್ ಸಿಸ್ಟಮ್ಮು. ಏಪ್ರಿಲ್ ಹೊತ್ತಿಗೆ ಅದೇ ಗಾಡಿ ತೋರಣಗಲ್ಲು ರಸ್ತೆಯ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಖರ್ಚಿನ ಈ ಸರದಿಯೇ ತಲೆಕೆಳಗು. ನಮ್ಮ ಬಿಸಿಲಿಗೂ ನಮ್ಮ ದೂಳಿಗೂ ಹೊಂದುವ ಸರದಿ ಯಾವುದು ಎಂದು ಗ್ಯಾರೇಜ್ ಕೆಲಸದವರ ಪರವಾಗಿ ಬರೆಯುತ್ತಿದ್ದೇವೆ.

ಈ ಗಾಡಿಗಳು ನಮ್ಮ ಕಡೆ ಯಾಕೆ ಇಷ್ಟಿವೆ ಎಂಬುದು ಎಲ್ಲರಿಗೂ ಗೊತ್ತು. ಅದಿರಿಗೆ ಚೀನಾದಿಂದ ಬೇಡಿಕೆ ಏರಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಸುತ್ತ ಸಾಲುಸಾಲಾಗಿ ಇಳಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಮೇಲೆ ಕೈಯಿಂದ ಕೈಗೆ ಹೋಗತೊಡಗಿದವು. ಗಣಿ ಗಾಡಿ ಎಂದ ಮಾತ್ರಕ್ಕೆ ಬೇಡವೆನ್ನಬೇಕಿಲ್ಲ. ಹಲವಕ್ಕೆ ಕಂಪನಿ ಸರ್ವೀಸ್ ತಪ್ಪದೇ ಆಗಿರುತ್ತದೆ, ಓಡಿದ್ದೂ ಕಡಿಮೆ ಇರುತ್ತದೆ. ಆದರೆ ಓಡಿದ್ದಷ್ಟೂ ಕೆಂಪು ದೂಳಿನಲ್ಲಿ. ನಮ್ಮ ಅದಿರಾದ ಹೆಮಟೈಟ್‌ನ ಗಡಸುತನ ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ 5.5ರಿಂದ 6.5. ಇಂಜಿನ್ನಿನೊಳಗಿನ ರಿಂಗು, ಲೈನರು, ಬೇರಿಂಗು, ಹೊರಗಿನ ಬ್ರೇಕ್ ಡಿಸ್ಕು ಯಾವುದನ್ನೂ ಅರೆಯದೆ ಬಿಡುವುದಿಲ್ಲ. ಹಾಗಾಗಿ ಇಲ್ಲಿಯ ಗಾಡಿಯಲ್ಲಿ ಮೀಟರ್ ಎಷ್ಟು ತೋರಿಸುತ್ತದೆ ಎನ್ನುವುದಕ್ಕಿಂತ ದೂಳು ಎಲ್ಲಿಯವರೆಗೆ ಹೋಗಿದೆ ಎನ್ನುವುದನ್ನು ನೋಡಬೇಕು.

ಇನ್ನೆರಡು ಕಡೆಯಿಂದಲೂ ಗಾಡಿ ಬರುತ್ತವೆ. ದೆಹಲಿ ಸುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ ತಡೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಬೆಲೆ ಬಿದ್ದ ಗಾಡಿಗಳು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಿಡಿದು ದಕ್ಷಿಣಕ್ಕೆ ಬಂದವು. ಇವು ಸಾಮಾನ್ಯವಾಗಿ ಒಣ ಗಾಡಿಗಳು, ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಚೆನ್ನಾಗಿರುತ್ತದೆ. ಹೆದರಬೇಕಾದದ್ದು ನೀರಿನಲ್ಲಿ ಮುಳುಗಿದ ಗಾಡಿಗೆ. 2015ರ ಡಿಸೆಂಬರ್‌ನ ಚೆನ್ನೈ ನೆರೆ, 2018ರ ಆಗಸ್ಟ್‌ನ ಕೇರಳದ ನೆರೆ ಕಂಡ ಗಾಡಿ ತೊಳೆದು ಪಾಲಿಶ್ ಆಗಿ ಎಲ್ಲಿಗೆ ಬೇಕಾದರೂ ಬಂದಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದು ಅಡಿಯಲ್ಲಿ ಮಣ್ಣಿನ ಗೆರೆ ಉಳಿದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಕ್ಯೂ7, ಎಂಎಲ್‌ಗಳಲ್ಲಿ ಬ್ಯಾಟರಿಯೇ ಮುಂದಿನ ಸೀಟಿನ ಕೆಳಗಿದೆ. ಸೀಟು ಸರಿಸಿ, ಕಾರ್ಪೆಟ್ ಎತ್ತಿ, ಅಲ್ಲಿಯ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟಿವೆಯೇ ನೋಡಿ.

ಗಾಡಿಗಿಂತ ಮೊದಲು ಕಾಗದ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಫಾರಂ 25 ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಗಣಿ ಕಾಲದ ಗಾಡಿಗಳೆಲ್ಲ ಈಗ ಇದೇ ಗಡಿಯಲ್ಲಿವೆ ಇಲ್ಲವೇ ಅದನ್ನು ದಾಟಿವೆ, ಬೆಲೆ ಇಳಿದಿರುವುದಕ್ಕೆ ಅದೂ ಒಂದು ಕಾರಣ. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ ಸಾಮಾನ್ಯ ಕಾರಿಗೆ 5,000 ರೂಪಾಯಿ, ಆಮದು ಗಾಡಿಗೆ 40,000. 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಗಾಡಿಗೆ ಇದು ಕ್ರಮವಾಗಿ 10,000 ಮತ್ತು 80,000 ಆಯಿತು. ಪಜೇರೊ ಎಸ್‌ಎಫ್‌ಎಕ್ಸ್ ತಮಿಳುನಾಡಿನ ತಿರುವಳ್ಳೂರಿನಲ್ಲಿ ಜೋಡಣೆಯಾದದ್ದು, ಪ್ರಾಡೊ ಪೂರ್ತಿ ಆಮದು. ಎರಡರ ಬೆಲೆ ಒಂದೇ ಇದ್ದರೂ ಆರ್‌ಟಿಒ ಕೌಂಟರ್‌ನಲ್ಲಿ ಲೆಕ್ಕ ಬೇರೆ. ಆರ್‌ಸಿಯಲ್ಲಿ ಏನೆಂದು ನಮೂದಾಗಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿ.

ಗಡಿ ಜಿಲ್ಲೆಗಳಾದ್ದರಿಂದ ಆಂಧ್ರ, ತೆಲಂಗಾಣ ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತವೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳುವುದಾದರೆ ಫಾರಂ 28ರ ಎನ್‌ಒಸಿ ತಂದು ಇಲ್ಲಿಯ ನಂಬರ್ ಹಾಕಿಸಲೇಬೇಕು, ಜೀವಾವಧಿ ತೆರಿಗೆ ಕಟ್ಟಲೇಬೇಕು. ಆ ತೆರಿಗೆ ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿನ ರಿಯಾಯಿತಿ ಕಳೆದು. ಬ್ರೋಕರ್ ಇದನ್ನು ಕೊನೆಗೆ ಹೇಳುತ್ತಾನೆ, ಅಥವಾ ಹೇಳುವುದೇ ಇಲ್ಲ. ಅಗ್ಗವೆಂದುಕೊಂಡ ಗಾಡಿ ಇಲ್ಲಿಯೇ ದುಬಾರಿಯಾಗುತ್ತದೆ.

ವರ್ಗಾವಣೆಗೆ ಫಾರಂ 29, 30; ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ನಮ್ಮ ಕಡೆ ಇನ್ನೊಂದು ಗಂಟಿದೆ: ಎಷ್ಟೋ ಗಾಡಿಗಳು ಕಂಪನಿ ಹೆಸರಿನಲ್ಲಿವೆ. ಆ ಕಂಪನಿ ಬಾಗಿಲು ಹಾಕಿದ್ದರೆ ಸಹಿ ಯಾರು ಮಾಡಬೇಕು? ನಿರ್ದೇಶಕರ ನಿರ್ಣಯದ ಪ್ರತಿ, ಸಹಿಯ ಅಧಿಕಾರ ಯಾರಿಗಿದೆ ಎಂಬ ಪತ್ರ, ಸೀಲು ಇಷ್ಟೂ ಕೈಗೆ ಬರದೆ ಗಾಡಿ ತರಬೇಡಿ. ನ್ಯಾಯಾಲಯದ ಅಥವಾ ತನಿಖಾ ಸಂಸ್ಥೆಯ ಜಪ್ತಿಯಲ್ಲಿದ್ದರೆ ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ತಡೆ ಕಾಣಬೇಕು. ಎಂಪರಿವಾಹನ್‌ನಲ್ಲಿ ಬ್ಲ್ಯಾಕ್‌ಲಿಸ್ಟ್, ಸಾಲ, ವಿಮೆ, ಚಲನ್ ನೋಡಿ. ಕಳವಿನ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 'ವಾಹನ್ ಸಮನ್ವಯ್' ಇದೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಪ್ರಾಡೊದಲ್ಲಿ ಅದು ಬಲಗಡೆ ಮುಂದಿನ ಚಕ್ರದ ಹತ್ತಿರ, ಚಾಸಿ ಪಟ್ಟಿಯ ಮೇಲಿದೆ. ಅಂಕಿಗಳ ಸುತ್ತ ಗ್ರೈಂಡರ್ ಆಡಿದ ಗುರುತೋ ವೆಲ್ಡಿಂಗ್ ಗಂಟೋ ಕಂಡರೆ ಅಲ್ಲಿಂದಲೇ ವಾಪಸ್. ಕೀ ಎರಡೂ ಕೇಳಿ. ಎರಡನೇ ಕೀ "ಮನೆಯಲ್ಲೆಲ್ಲೋ ಇದೆ" ಎಂದರೆ ಇಲ್ಲ ಎಂದೇ ಅರ್ಥ. ಇಮೊಬಿಲೈಸರ್ ಗಾಡಿಗೆ (ತನ್ನ ಚಿಪ್ ಕೀ ಗುರುತಿಸದೆ ಸ್ಟಾರ್ಟ್ ಆಗದ್ದು) ಹೊಸ ಕೀ ಮಾಡಿಸುವುದು ಬೀದಿ ಬದಿಯ ಕೆಲಸವಲ್ಲ.

ಇನ್ನು ಗಾಡಿ. ನೋಡಲು ಬೆಳಿಗ್ಗೆ ಬೇಗ ಹೋಗಿ, ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಹೇಳಿಡಿ. ಬಾನೆಟ್ ಬೆಚ್ಚಗಿದ್ದರೆ ಮತ್ತೊಂದು ದಿನ ಬರುತ್ತೇವೆ ಎಂದು ಎದ್ದು ಬನ್ನಿ. ಕೋಲ್ಡ್ ಸ್ಟಾರ್ಟ್‌ನಲ್ಲಿ ಬರುವ ಶಬ್ದ, ಹೊಗೆಯನ್ನು ಬಿಸಿ ಇಂಜಿನ್ ಮುಚ್ಚಿಡುತ್ತದೆ. ಏರ್ ಸಸ್ಪೆನ್ಷನ್ ಗಾಡಿ (ಸ್ಪ್ರಿಂಗ್ ಬದಲು ಗಾಳಿಯ ಬೆಲೂನಿನ ಮೇಲೆ ಕೂತದ್ದು) ರಾತ್ರಿಯಲ್ಲಿ ಒಂದು ಮೂಲೆಗೆ ಕುಸಿದಿದೆಯೇ ಎಂಬುದೂ ಆಗಲೇ ಕಾಣುವುದು.

ದೂಳಿನ ಪರೀಕ್ಷೆಗೆ ಸ್ಕ್ರೂಡ್ರೈವರ್ ಮತ್ತು ಒಂದು ಬಿಳಿ ಬಟ್ಟೆ ಸಾಕು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಫಿಲ್ಟರ್ ತೆಗೆದಿಟ್ಟು, ಅದರಾಚೆ ಟರ್ಬೊಗೆ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುವ ಪೈಪಿನೊಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ. ಇದು ಫಿಲ್ಟರ್ ದಾಟಿ ಬಂದ ಗಾಳಿ ಹಾಯುವ ಜಾಗ, ಇಲ್ಲಿ ದೂಳೇ ಇರಬಾರದು. ಬಟ್ಟೆಗೆ ಕಪ್ಪು ಎಣ್ಣೆ ಪಸೆ ಹತ್ತಿದರೆ ಸಹಜ. ಕೆಂಪು ಹತ್ತಿತೋ, ಆ ಇಂಜಿನ್ ವರ್ಷಗಟ್ಟಲೆ ಅದಿರು ನುಂಗಿದೆ. ಡೂಪ್ಲಿಕೇಟ್ ಫಿಲ್ಟರಿನ ರಬ್ಬರ್ ಅಂಚು ಡಬ್ಬಿಗೆ ಸರಿಯಾಗಿ ಕೂರುವುದಿಲ್ಲ. ಇಲ್ಲವೇ ಗಾಳಿ ಹೊಡೆಯುವ ಪಿಸ್ತೂಲಿನಿಂದ ಪದೇಪದೇ ಊದಿ ಫಿಲ್ಟರ್ ಕಾಗದ ಹರಿದಿರುತ್ತದೆ. ಹೀಗೆ ಕೆಂಪು ಬಂದ ಗಾಡಿಯಲ್ಲಿ ಮುಂದಿನ ಹೆಜ್ಜೆ ಇಂಜಿನ್ ಚಾಲೂ ಇಟ್ಟು ಆಯಿಲ್ ಮುಚ್ಚಳ ತೆಗೆಯುವುದು. ಬಾಯಿಂದ ಭುಸುಭುಸು ಹೊಗೆ ಎದ್ದು ಮುಚ್ಚಳ ಕುಣಿದರೆ ರಿಂಗು ಹೋಗಿವೆ, ಇಂಜಿನ್ ಬಿಚ್ಚಿ ಕೆಲಸ ಮಾಡಿಸುವ ಹೊತ್ತು ಬಂದಿದೆ. ಅದೇ ಮುಚ್ಚಳದ ಒಳಗೆ ಹಾಲು ಹೆಚ್ಚಾದ ಟೀ ಬಣ್ಣದ ಲೋಳೆ ಕಂಡರೆ ಆಯಿಲ್‌ಗೆ ನೀರು ಬೆರೆತಿದೆಯೆಂಬ ಅನುಮಾನ ಇರಲಿ.

ಹೀಟ್ ವಿಷಯದಲ್ಲಿ ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಜರ್ಮನ್ ಗಾಡಿ, ಲ್ಯಾಂಡ್ ರೋವರ್‌ಗಳಲ್ಲಿ ಆ ಮುಳ್ಳು ನಿಜವಾದ ಉಷ್ಣಾಂಶ ಹತ್ತಾರು ಡಿಗ್ರಿ ಏರಿಳಿದರೂ ನಡುವೆಯೇ ನಿಲ್ಲುವಂತೆ ಮಾಡಿದ್ದಾರೆ. ಅದು ಅಲುಗಿದಾಗ ಹೆಡ್ (ಸಿಲಿಂಡರ್‌ಗಳ ಮೇಲಿನ ಲೋಹದ ಮುಚ್ಚಳ) ಹೋಗುವ ಹೊತ್ತು ಬಂದಿರುತ್ತದೆ. ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಕೂಲೆಂಟ್ ಉಷ್ಣಾಂಶವನ್ನು ಅಂಕಿಯಲ್ಲಿ ನೋಡಿ. ಮಧ್ಯಾಹ್ನ, ಎಸಿ ಫುಲ್ ಇಟ್ಟು, ನಿಂತಲ್ಲೇ ಇಪ್ಪತ್ತು ನಿಮಿಷ. ನೂರರ ಕೆಳಗೆ ಸ್ಥಿರವಾಗಿದ್ದರೆ ಒಳ್ಳೆಯದು, 105 ದಾಟಿ ಏರುತ್ತಲೇ ಹೋದರೆ ಬೆಲೆ ಮಾತಾಡುವ ಮುಂಚೆ ಕಾರಣ ಹುಡುಕಬೇಕು. ಹೆಡ್ ಗ್ಯಾಸ್ಕೆಟ್ ಅನುಮಾನವಿದ್ದರೆ ಕೂಲೆಂಟ್ ಟ್ಯಾಂಕಿನ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆ ಇದೆ, ಇಂಜಿನ್ ಗ್ಯಾಸ್ ತಾಗಿದರೆ ದ್ರವ ಹಸಿರು ಇಲ್ಲವೇ ಹಳದಿಯಾಗುತ್ತದೆ.

ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಗದ್ದೆ ದಾರಿಯಲ್ಲಿ ಓಡಿದ ಗಾಡಿಗೆ ಕಾಯಿಲೆ ಬೇರೆ. ಎರೆ ಮಣ್ಣಿನ ಕೆಸರು ಚಾಸಿ ಪೆಟ್ಟಿಗೆಯೊಳಗೆ ತುಂಬಿ, ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡು ಒಳಗಿನಿಂದಲೇ ತಿನ್ನುತ್ತದೆ. ಗಾಡಿ ಎತ್ತಿಸಿ, ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ತಟ್ಟುತ್ತ ಹೋಗಿ, ಹಿಂದಿನ ಆಕ್ಸಲ್ಲಿನ ಲಿಂಕುಗಳು ಕೂರುವ ಜಾಗವನ್ನು ಬಿಡದೆ. ಗಟ್ಟಿ ಲೋಹದ ಸದ್ದು ಎಲ್ಲಿ ಮಂಕಾಯಿತೋ ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮಾರುವ ಮುನ್ನಾದಿನ ಹೊಡೆಸಿದ ಹೊಸ ಕಪ್ಪು ಅಂಡರ್‌ಬಾಡಿ ಪೇಂಟ್ ಎಂದರೆ ಏನನ್ನೋ ಮುಚ್ಚಿದ್ದಾರೆ ಎಂದೇ ಹಿಡಿಯಬೇಕು.

ಫೋರ್‌ವ್ಹೀಲ್ ಕೆಲಸ ಮಾಡುತ್ತದೆಯೇ ಎಂದು ಡಾಂಬರು ರಸ್ತೆಯಲ್ಲಿ ನೋಡಬಾರದು. ಸೆಂಟರ್ ಲಾಕ್ (ಬಾಗಿಲಿನದಲ್ಲ, ಮುಂದಿನ-ಹಿಂದಿನ ಶಾಫ್ಟುಗಳನ್ನು ಒಟ್ಟಿಗೆ ತಿರುಗುವಂತೆ ಕಟ್ಟುವುದು) ಹಾಕಿ ಹಿಡಿತವಿರುವ ನೆಲದಲ್ಲಿ ತಿರುಗಿಸಿದರೆ ಶಾಫ್ಟುಗಳು ಬಿಗಿದುಕೊಂಡು, ಇಂಜಿನ್ ಶಕ್ತಿಯನ್ನು ಮುಂದೆ-ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿಗೇ ಪೆಟ್ಟು. ಹಗರಿ ಹೊಳೆ ದಂಡೆಯ ಮರಳು ದಾರಿಯಂಥ ಸಡಿಲ ನೆಲಕ್ಕೆ ಒಯ್ದು ಫೋರ್‌ವ್ಹೀಲ್ ಗೇರನ್ನು ಹೈನಿಂದ ಲೋಗೆ, ಲೋನಿಂದ ಹೈಗೆ ಬದಲಿಸಿ. ನಾಲ್ಕೂ ಟೈರು ಒಂದೇ ಅಳತೆ, ಹತ್ತಿರಹತ್ತಿರ ಒಂದೇ ಸವೆತ ಇರಬೇಕು. ಇಲ್ಲದಿದ್ದರೆ ನಾಲ್ಕೂ ಚಕ್ರ ಸದಾ ಎಳೆಯುವ ಫುಲ್‌ಟೈಮ್ ಗಾಡಿಯಲ್ಲಿ, ಮುಂದಿನ-ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಸೆಂಟರ್ ಡಿಫರೆನ್ಶಿಯಲ್ ಹಗಲಿರುಳು ದುಡಿದು ಸವೆಯುತ್ತದೆ. ಟೈರಿನ ವಯಸ್ಸು ಅದರ ಮೇಲೆಯೇ ಇದೆ: 2319 ಎಂದರೆ 2019ರ 23ನೇ ವಾರ.

ಮಾಡೆಲ್‌ಗೊಂದು ರೋಗವಿದೆ. ಪ್ರಾಡೊದ 3 ಲೀಟರ್ ಡಿ-4ಡಿ ಇಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರತೊಡಗಿದರೆ ಉರಿದ ಗ್ಯಾಸ್ ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ಮಸಿಗಟ್ಟಿ, ಸಂಪಿನೊಳಗಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಜರಡಿ ಕಟ್ಟಿಕೊಂಡು, ಪಂಪಿಗೆ ಆಯಿಲ್ ಸಿಗದೆ ಬೇರಿಂಗು ಹಿಡಿಯುತ್ತದೆ. ಬೆಳಗಿನ ಸ್ಟಾರ್ಟಿನಲ್ಲಿ ಕಟಕಟ ಶಬ್ದ, ಬಿಳಿ ಹೊಗೆ ಇದ್ದರೆ ಸಂಪ್ ಇಳಿಸಿ ಜರಡಿ ನೋಡಲೇಬೇಕು. ವಾಷರ್ ಬೆಲೆ ಏನೇನೂ ಅಲ್ಲ, ಬಿಟ್ಟರೆ ಇಂಜಿನ್ನಿನ ಬೆಲೆ. ಹೊಸ ಇಂಜೆಕ್ಟರ್ ಹಾಕಿದರೆ ಅದರ ತಲೆಯ ಮೇಲಿನ ಕೋಡನ್ನು ಸ್ಕ್ಯಾನರ್‌ನಿಂದ ಇಸಿಯುಗೆ (ಇಂಜಿನ್ ಕಂಪ್ಯೂಟರ್) ಬರೆಸಬೇಕು. ಟೈಮಿಂಗ್ ಬೆಲ್ಟಿಗೆ ಕಂಪನಿ ಹೇಳುವುದು 1,50,000 ಕಿ.ಮೀ. ನಮ್ಮ ಬಿಸಿಲು, ದೂಳಿಗೆ ಲಕ್ಷಕ್ಕೇ ಬದಲಿಸುವುದು ವಾಸಿ. 2009ರವರೆಗಿನ ಪ್ರಾಡೊದಲ್ಲಿ ಮುಂದಿನ ಚಕ್ರವನ್ನು ಕೆಳಗೆ ಹಿಡಿದಿಡುವ ಲೋವರ್ ಬಾಲ್ ಜಾಯಿಂಟ್ ಮೇಲೆ ಕಣ್ಣಿರಲಿ. ಅದರ ರಬ್ಬರ್ ಬೂಟ್ ಹರಿದು ದೂಳು ಹೊಕ್ಕು ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಮೂಗು ಊರುತ್ತದೆ. ಇಷ್ಟಾದರೂ ಬಳ್ಳಾರಿ, ರಾಯಚೂರಿನಲ್ಲಿದ್ದು ದಿನವೂ ಓಡಿಸುವವರಿಗೆ ನಮ್ಮ ಮೊದಲ ಮಾತು ಪ್ರಾಡೊವೇ.

ಪಜೇರೊ ಎಸ್‌ಎಫ್‌ಎಕ್ಸ್ ಕಂಪ್ಯೂಟರ್ ಕಾಟ ಕಡಿಮೆ ಇರುವ ಗಾಡಿ. 2.8 ಲೀಟರ್ ಇಂಜಿನ್, ಬೆಲ್ಟ್ ಬದಲು ಚೈನು. ಅದರ ಶತ್ರು ಹೀಟು. ಒಮ್ಮೆ ಜೋರಾಗಿ ಹೀಟಾದರೆ ಹೆಡ್ ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಹೆಡ್ಡನ್ನು ಲೇತಿನಲ್ಲಿ ಲೆವೆಲ್ ಮಾಡಿಸಿ ಹಾಕುವುದು ಮಾರುವವರು ಮಾಡುವ ಕೆಲಸ. ಫೋರ್‌ವ್ಹೀಲ್ ದೀಪ ಡ್ಯಾಶ್‌ಬೋರ್ಡಿನಲ್ಲಿ ಮಿಣಕುತ್ತಲೇ ಇದ್ದರೆ ಗಾಬರಿ ಬೇಡ, ಗೇರ್‌ಬಾಕ್ಸ್ ಬಿಚ್ಚಲು ಬಿಡಲೂ ಬೇಡಿ. ಬಹುಪಾಲು ಸಲ ಮುಂದಿನ ಆಕ್ಸಲ್ ಜೋಡಿಸುವ ವ್ಯಾಕ್ಯೂಮ್ ಪೈಪು ಬಿಸಿಲಿಗೆ ಒಡೆದಿರುತ್ತದೆ, ಇಲ್ಲವೇ ಅದರ ಸೊಲೆನಾಯ್ಡ್ ಹೋಗಿರುತ್ತದೆ.

ಎಂಎಲ್‌ನ ವಿ6 ಡೀಸೆಲ್‌ನಲ್ಲಿ ಗೇರ್‌ಬಾಕ್ಸ್ ಮುಂದೆ ಆಯಿಲ್ ತೊಟ್ಟಿಕ್ಕಿದರೆ ಹಿಂದಿನ ಕ್ರ್ಯಾಂಕ್ ಸೀಲ್ ಎಂದು ಗೇರ್‌ಬಾಕ್ಸ್ ಇಳಿಸಿಬಿಡುತ್ತಾರೆ. ಸೋರುತ್ತಿರುವುದು ಹೆಚ್ಚಾಗಿ ಮೇಲೆ, ಎರಡು ಸಾಲು ಸಿಲಿಂಡರ್ ನಡುವಿನ ಕಣಿವೆಯಲ್ಲಿ ಟರ್ಬೊ ಕೆಳಗೆ ಕೂತ ಆಯಿಲ್ ಕೂಲರಿನ ಸೀಲಿನಿಂದ. ಸೀಲು ಅಗ್ಗ, ಅಲ್ಲಿಗೆ ಕೈ ತಲುಪಿಸಲು ಮ್ಯಾನಿಫೋಲ್ಡ್, ಟರ್ಬೊ ಎಲ್ಲ ಬಿಚ್ಚಬೇಕು. ಕ್ಯೂ7ನ 3 ಲೀಟರ್ ಡೀಸೆಲ್‌ನಲ್ಲಿ ಟೈಮಿಂಗ್ ಚೈನು ಗೇರ್‌ಬಾಕ್ಸ್ ಕಡೆ ಇದೆ. ಕೋಲ್ಡ್ ಸ್ಟಾರ್ಟಿನಲ್ಲಿ ಚೈನು ಗಲಗಲ ಎಂದರೆ ಆ ಗಾಡಿ ಬಿಡಿ.

ಲ್ಯಾಂಡ್ ರೋವರ್ 2009ರಲ್ಲಿ ಇಲ್ಲಿ ಅಧಿಕೃತವಾಗಿ ಬಂತು. ಡಿಸ್ಕವರಿಯಂತೆ ಕುಳಿತು ಹೋಗುವ ಸುಖ ಬೇರೆ ಗಾಡಿಯಲ್ಲಿಲ್ಲ, ಅದರಷ್ಟು ಜೇಬು ಕತ್ತರಿಸುವುದೂ ಬೇರೆ ಇಲ್ಲ. ವಿ6 ಡೀಸೆಲ್‌ಗೆ ಬೆಲ್ಟ್ ಎರಡು: ಮುಂದಿನದು ಟೈಮಿಂಗ್, ಹಿಂದಿನದು ಹೈ ಪ್ರೆಷರ್ ಡೀಸೆಲ್ ಪಂಪಿನದು. "ಬೆಲ್ಟ್ ಹಾಕಿಸಿದ್ದೇವೆ" ಎಂದರೆ ಎರಡರ ಬಿಲ್ಲೂ ಕೇಳಿ, ಹಿಂದಿನದನ್ನು ಮರೆಯುವವರೇ ಹೆಚ್ಚು. ಬೇರಿಂಗು ತಿರುಗಿ ಕ್ರ್ಯಾಂಕ್ ಹೋಗುವುದು ಈ ಇಂಜಿನ್ನಿನ ಹೆಸರಾಂತ ಕಾಯಿಲೆ, ಆಯಿಲ್ ಬದಲಿಯನ್ನು 10,000 ಕಿ.ಮೀ.ಗಿಂತ ಮುಂದಕ್ಕೆ ಒಯ್ಯಬಾರದು. ಟರ್ಬೊದಂಥ ಕೆಲಸಕ್ಕೆ ಬಾಡಿಯನ್ನೇ ಚಾಸಿಯಿಂದ ಎತ್ತುವುದುಂಟು. ಅಂಥ ಲಿಫ್ಟ್ ಇರುವ ಗ್ಯಾರೇಜು ಹತ್ತಿರದಲ್ಲಿ ಎಲ್ಲಿದೆ ಎಂದು ತಿಳಿದ ಮೇಲೆಯೇ ಮುಂಗಡ.

ಕೊಂಡಾಯಿತು. ಎಂಟು ಲಕ್ಷ ಕೈಯಲ್ಲಿದ್ದರೆ ಐದರ ಗಾಡಿ ಕೊಂಡು ಮೂರನ್ನು ಇಟ್ಟುಕೊಳ್ಳಿ. ಎಂಟಕ್ಕೆ ಎಂಟೂ ಕೊಟ್ಟವರೇ ಗಾಡಿಯನ್ನು ಆರು ತಿಂಗಳಲ್ಲಿ ಮಾರುವವರು.

ಮೊದಲ ಖರ್ಚು ಕೂಲಿಂಗ್. ಮುಂದೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್, ಕೆಲವದರಲ್ಲಿ ನಡುವೆ ಇಂಟರ್‌ಕೂಲರ್ ಪದರಪದರವಾಗಿ ಕೂತಿರುತ್ತವೆ. ಹೊರಗಿನಿಂದ ನೀರು ಹೊಡೆದರೆ ಮುಂದಿನ ಪದರ ಹೊಳೆಯುತ್ತದೆ, ನಡುವೆ ಸೇರಿದ ಅದಿರು-ಎಣ್ಣೆಯ ಗಿಲಾವು ಹಾಗೇ ಉಳಿದು ಗಾಳಿ ತಡೆಯುತ್ತದೆ. ಬಿಚ್ಚಿ, ಬೇರೆಬೇರೆ ಇಟ್ಟು, ಇಂಜಿನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದಲ್ಲಿ ತೊಳೆಯಬೇಕು. ವಾಟರ್ ವಾಶ್ ಗನ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳು ಮಡಚುತ್ತವೆ. ಹೋಸು, ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟ್ ಬಿಡುವ ಕವಾಟ), ಮುಚ್ಚಳ, ವಾಟರ್ ಪಂಪು, ಬೆಲ್ಟು, ಹಳದಿಗಟ್ಟಿದ ಪ್ಲಾಸ್ಟಿಕ್ ಟ್ಯಾಂಕು ಒಟ್ಟಿಗೇ ಬದಲಿಸಿ. ಫ್ಯಾನ್ ಕ್ಲಚ್ ಇರುವ ಗಾಡಿಯಲ್ಲಿ ಇಂಜಿನ್ ನಿಲ್ಲಿಸಿ ಕೈಯಿಂದ ಫ್ಯಾನ್ ತಿರುಗಿಸಿ, ತಡೆಯೇ ಇಲ್ಲದೆ ಗಿರಗಿರ ತಿರುಗಿದರೆ ಕ್ಲಚ್ ಸತ್ತಿದೆ. ಥರ್ಮೋಸ್ಟಾಟ್ ಕಿತ್ತು ಎಸೆದರೆ ಹೀಟ್ ಆಗುವುದಿಲ್ಲ ಎಂಬ ಗ್ಯಾರೇಜ್ ಉಪದೇಶವನ್ನು ದಯವಿಟ್ಟು ಕೇಳಬೇಡಿ. ಇಂಜಿನ್ ತಣ್ಣಗೇ ಓಡಿ ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ.

ರೇಡಿಯೇಟರ್‌ಗೆ ಬೋರ್ ನೀರು ಸುತರಾಂ ಬೇಡ. ರಾಯಚೂರು, ಕೊಪ್ಪಳದ ಬೋರ್ ನೀರು ಬಿಂದಿಗೆಗೇ ಬಿಳಿ ಕಟ್ಟುತ್ತದೆ, ಅಂಥದ್ದರಲ್ಲಿ ಸೂಜಿಯಷ್ಟು ಸಣ್ಣ ಕೊಳವೆ ಏನಾಗಬೇಕು? ಡಿಸ್ಟಿಲ್ಡ್ ವಾಟರ್ ಅರ್ಧ, ಆ ಗಾಡಿಗೆ ಹೇಳಿದ ಕೂಲೆಂಟ್ ಅರ್ಧ. ಹಸಿರಿಗೆ ಕೆಂಪು ಬೆರೆಸಬೇಡಿ. ತುಂಬುವಾಗ ಮೂತಿ ಎತ್ತರದಲ್ಲಿ ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು ಗಾಳಿ ತೆಗೆಯಿರಿ.

ಎರಡನೆಯದು ಆಯಿಲ್‌ಗಳು. ಎಲ್ಲವನ್ನೂ, ಹಳೆಯ ಓನರ್ ಏನೇ ಹೇಳಲಿ. ಪ್ರಾಡೊ ಇಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 7 ಲೀಟರ್, ಟ್ರಾನ್ಸ್‌ಫರ್ ಕೇಸಿಗೂ ಮುಂದಿನ ಡಿಫರೆನ್ಶಿಯಲ್‌ಗೂ ತಲಾ ಒಂದೂವರೆಯ ಹತ್ತಿರ, ಹಿಂದಿನದಕ್ಕೆ ಮೂರರ ಹತ್ತಿರ. ಡಿಫರೆನ್ಶಿಯಲ್‌ನಲ್ಲಿ ಮೊದಲು ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಆಯಿಲ್ ಚೆಲ್ಲಿದ ಮೇಲೆ ಮೇಲಿನದು ಕೂತುಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ನಯವಾದ ಬೂದು ಪೇಸ್ಟ್ ಹತ್ತಿದ್ದರೆ ಚಿಂತೆಯಿಲ್ಲ, ಕೈಗೆ ಚುಚ್ಚುವ ಚೂರು ಇದ್ದರೆ ಒಳಗೆ ಹಲ್ಲು ಮುರಿದಿವೆ. ಡಿಸ್ಕವರಿ, ಬಿಎಂಡಬ್ಲ್ಯು ಎಕ್ಸ್5ಗಳ ಝಡ್‌ಎಫ್ 6 ಸ್ಪೀಡ್ ಆಟೋಮ್ಯಾಟಿಕ್‌ಗೆ "ಜೀವನಪೂರ್ತಿ ಆಯಿಲ್" ಎಂಬ ಮಾತು ಚಾಲ್ತಿಯಲ್ಲಿದೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಫಿಲ್ಟರು ಪ್ಲಾಸ್ಟಿಕ್ ಸಂಪಿನಲ್ಲೇ ಸೇರಿದೆ, ಸಂಪ್ ಸಮೇತ ಬದಲಿಸಬೇಕು. ಲೆವೆಲ್ ನೋಡುವುದು ಇಂಜಿನ್ ಚಾಲೂ ಇರುವಾಗ, ಆಯಿಲ್ 30ರಿಂದ 50 ಡಿಗ್ರಿ ಇದ್ದಾಗ. ನಮ್ಮ ಮೇ ತಿಂಗಳ ಮಧ್ಯಾಹ್ನ ಆ ಕೆಲಸ ಆಗುವುದಿಲ್ಲ, ಬೆಳಿಗ್ಗೆಯೇ ಮಾಡಿ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ.

ಮೂರನೆಯದು ರಬ್ಬರು. ಸಸ್ಪೆನ್ಷನ್ ಆರ್ಮ್‌ಗಳ ರಬ್ಬರ್ ಬುಷ್‌ಗಳನ್ನು ಪ್ರೆಸ್ಸಿನಲ್ಲಿ ಕೂರಿಸಿದ ಮೇಲೆ ಬೋಲ್ಟ್ ಬಿಗಿಯುವುದು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತು ಭಾರ ಬಿದ್ದಾಗ. ಜಾಕ್ ಮೇಲೆ ತೂಗುಬಿದ್ದಾಗಲೇ ಬಿಗಿದರೆ ಇಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಗ "ಡೂಪ್ಲಿಕೇಟ್ ಬುಷ್" ಎಂದು ಅಂಗಡಿಯವನನ್ನು ಬಯ್ಯುತ್ತಾರೆ. ಏರ್ ಸಸ್ಪೆನ್ಷನ್‌ನಲ್ಲಿ ಮೊದಲು ಸೋರುವ ಬೆಲೂನು, ಆಮೇಲೆ ಕಂಪ್ರೆಸರು. ಸೋಪು ನೀರು ಚಿಮುಕಿಸಿ ಬೆಲೂನಿನ ಮಡಿಕೆಗಳಲ್ಲಿ ಗುಳ್ಳೆ ನೋಡಿ. ಸೋರಿಕೆ ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ ಅದೂ ನಿಲ್ಲದೆ ಓಡಿ ಸುಡುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಬದಲಿಸುವುದೂ ಒಂದು ದಾರಿ. ಎತ್ತರ ಏರಿಸುವ ಸೌಲಭ್ಯ ಹೋಗುತ್ತದೆ, ಎಚ್ಚರಿಕೆ ದೀಪ ಆರಿಸಲು ಬೇರೆ ಮಾಡ್ಯೂಲ್ ಬೇಕಾಗುತ್ತದೆ. ಕಲ್ಲು ದಾರಿಗೆ ಹೋಗದವರಿಗೆ ಅಡ್ಡಿಯಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಕ್ಯಾಲಿಪರ್ ಪಿನ್ನುಗಳಿಗೆ ಬ್ರೇಕ್ ಗ್ರೀಸು. ಡಿಸ್ಕವರಿಯ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಕಿರ್ರೆಂದು ಕಿರುಚಿದರೆ ಒಳಗಿನ ಶೂಗಳ ದೂಳು ತೆಗೆದು ಅಡ್ಜಸ್ಟ್ ಮಾಡಿಸಿ, ಬಿಟ್ಟರೆ ಮೋಟರ್ ಹೋಗುತ್ತದೆ.

ಎಲೆಕ್ಟ್ರಿಕಲ್‌ನಲ್ಲಿ ಮೊದಲು ಬ್ಯಾಟರಿ, ಅರ್ತಿಂಗ್ ಪಟ್ಟಿ. ನಿಂತಾಗ 12.6 ವೋಲ್ಟ್, ಚಾಲೂ ಇದ್ದಾಗ 14ರ ಆಸುಪಾಸು ಇಲ್ಲದಿದ್ದರೆ ಸ್ಕ್ಯಾನರ್ ತೋರಿಸುವ ಅರ್ಧ ದೋಷಗಳು ಸುಳ್ಳು. ಸನ್‌ರೂಫಿನ ಮೂಲೆಗಳ ನೀರು ಇಳಿಯುವ ಪೈಪುಗಳು ದೂಳಿಗೆ ಕಟ್ಟಿಕೊಂಡಿರುತ್ತವೆ. ಮಳೆಗಾಲಕ್ಕೆ ಮುಂಚೆ ಸಣ್ಣ ನೈಲಾನ್ ದಾರ ಬಿಟ್ಟು ಬಿಡಿಸಿ, ಜೋರು ಗಾಳಿ ಹೊಡೆದರೆ ಪೈಪ್ ಕಳಚಿ ನೀರು ನೇರ ಫ್ಯೂಸ್ ಬಾಕ್ಸಿಗೆ ಇಳಿಯುತ್ತದೆ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್ ಇವೆ. ಚಾಸಿ ನಂಬರಿನಿಂದ ಪಾರ್ಟ್ ನಂಬರ್ ತೆಗೆದುಕೊಂಡೇ ಫೋನ್ ಮಾಡಿ. ಕಾರ್ ಕಂಪನಿಯ ಡಬ್ಬಿಯ ಬದಲು ಅದನ್ನು ಮಾಡಿಕೊಡುವವರ ಡಬ್ಬಿ ಕೇಳಿದರೆ ಅದೇ ಮಾಲು ಕಡಿಮೆಗೆ ಬರುತ್ತದೆ: ಟೊಯೊಟಾಗೆ ಐಸಿನ್, ಡೆನ್ಸೊ, ಜರ್ಮನ್ ಗಾಡಿಗೆ ಲೆಮ್‌ಫೋರ್ಡರ್, ಬಾಷ್, ಮಾಹ್ಲೆ. ಗುಜರಿಯಿಂದ ಬಾಗಿಲು, ಲೈಟು, ಸೀಟು ತರಬಹುದು. ರಬ್ಬರು, ಬ್ರೇಕು, ಏರ್‌ಬ್ಯಾಗ್ ತರಬಾರದು.

ಸೀಟಿನ ಲೆದರ್ ಹೊಲಿಸಲು ಬಳ್ಳಾರಿಯಷ್ಟು ಒಳ್ಳೆಯ ಊರಿಲ್ಲ, ದಪ್ಪ ಜೀನ್ಸ್ ಹೊಲಿದು ಪಳಗಿದ ಕೈಗಳಿವೆ. ಲೆದರ್ ಸೂಜಿ, ಪಾಲಿಯೆಸ್ಟರ್ ದಾರ ಕೊಡಿ. ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಆದರೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದ್ದರೆ ಆ ಬದಿಯ ಹೊಲಿಗೆ ಮುಟ್ಟಿಸಬೇಡಿ. ಏರ್‌ಬ್ಯಾಗ್ ಉಬ್ಬಿದಾಗ ಹರಿಯಲೆಂದೇ ಅದನ್ನು ಹೊಲಿದಿರುತ್ತಾರೆ, ಗಟ್ಟಿ ದಾರ ಹಾಕಿದರೆ ಬ್ಯಾಗ್ ಹೊರಗೆ ಬರುವುದಿಲ್ಲ. ಮೇಲಿಂದ ಎಳೆದು ಕಟ್ಟುವ ಸೀಟ್ ಕವರಿಗೂ ಇದೇ ಮಾತು.

ಪೇಂಟು ಕೊನೆಗೆ. ಮೊದಲು ಚಾಸಿಯ ಕೆಸರು ತೊಳೆದು, ಪೂರ್ತಿ ಒಣಗಿಸಿ, ತುಕ್ಕು ಕೆರೆದು, ಜಿಂಕ್ ಪ್ರೈಮರ್ ಹೊಡೆದು, ಪೆಟ್ಟಿಗೆಯೊಳಗೆ ವ್ಯಾಕ್ಸ್ ಹೋಗಬೇಕು. ತೇವದ ಮೇಲೆ ಕೋಟಿಂಗ್ ಹೊಡೆದರೆ ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆಯೇ. ಬಾಡಿಯ ಮೇಲೆ ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟರೆ ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ, 400 ದಾಟಿದಲ್ಲಿ ಕೆಳಗೆ ಪುಟ್ಟಿ ಇದೆ. ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬೇರೆ ಇಂಜಿನ್ ಕೂರಿಸುವುದಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಕಪ್ಪು ಫಿಲ್ಮ್‌ಗೆ 2012ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ಗಣಿ ಕಾಲದ ಗಾಡಿಗಳ ಮೂತಿಗೆ ಇನ್ನೂ ನೇತಾಡುವ ಕಬ್ಬಿಣದ ಬುಲ್‌ಬಾರ್ ಕೂಡದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಅದನ್ನೂ ಅದರ ಮೇಲಿನ ನಾಲ್ಕು ದೊಡ್ಡ ಲೈಟುಗಳನ್ನೂ ಬಿಚ್ಚಿಟ್ಟರೆ ದಂಡವೂ ತಪ್ಪುತ್ತದೆ, ಏರ್‌ಬ್ಯಾಗ್ ಸೆನ್ಸರೂ ಸರಿಯಾಗಿ ಕೆಲಸ ಮಾಡುತ್ತದೆ, ರೇಡಿಯೇಟರಿಗೆ ನೇರ ಗಾಳಿಯೂ ಸಿಗುತ್ತದೆ.

ಇತಿ,
ಡೀಸೆಲ್ ಗಾಡಿ ಕೆಲಸದ ಮೇಸ್ತ್ರಿಗಳು,
ಸಿರುಗುಪ್ಪ ರಸ್ತೆ, ಬಳ್ಳಾರಿ